ಋತುಮಾನದ ಫ್ಲೂ ಮತ್ತು ಹೊಸ ವೈರಸ್: ಅಪಾಯವನ್ನು ಅಳೆಯುವುದು ಹೇಗೆ?

2020ರ ಮಾರ್ಚ್ ತಿಂಗಳ ಎರಡನೆಯ ವಾರ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು ಒಂದು ಪ್ರಶ್ನೆ ಎತ್ತಿದರು. “ಮಾಮೂಲಿ ಫ್ಲೂ ಜ್ವರಕ್ಕೆ ಪ್ರತಿವರ್ಷ ಪ್ರಪಂಚದಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಾರೆ. ಈ ಕೊರೊನಾದಿಂದ ಸತ್ತವರು ನಾಲ್ಕು ಸಾವಿರ ಚಿಲ್ಲರೆ. ಇಷ್ಟಕ್ಕೇ ಏಕೆ ಸಾರ್ ಇಷ್ಟೊಂದು ಗಾಬರಿ?”

ಅವರ ಅಂಕಿಗಳಲ್ಲಿ ತಪ್ಪಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಋತುಮಾನದ ಫ್ಲೂ ಪ್ರತಿವರ್ಷ 2.9 ಲಕ್ಷದಿಂದ 6.5 ಲಕ್ಷ ಜನರನ್ನು ಬಲಿ ತೆಗೆದುಕೊಳ್ಳುತ್ತದೆ. ಅದೇ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್-19 ಒಂದು ಜಾಗತಿಕ ಪಿಡುಗು ಎಂದು ಸಾರಿದಾಗ ವರದಿಯಾಗಿದ್ದ ಸಾವುಗಳು 4,291 ಮಾತ್ರ. ಆದರೆ ಆ ವರ್ಷ ಮುಗಿಯುವ ಹೊತ್ತಿಗೆ ವರದಿಯಾದ ಸಾವುಗಳೇ 18 ಲಕ್ಷವನ್ನು ಮುಟ್ಟಿದ್ದವು. ಅದೂ ಶಾಲೆ, ಸಂತೆ, ರೈಲು ಎಲ್ಲವನ್ನೂ ನಿಲ್ಲಿಸಿದ ಮೇಲೆ! ಅಂಕಿಗಳು ಸರಿಯಿದ್ದೂ ತೀರ್ಮಾನ ತಪ್ಪಿದ್ದೇಕೆ?

ಅಪಾಯವೆಂಬುದು ಒಂದು ಗುಣಲಬ್ಧ

ಒಂದು ರೋಗದಿಂದ ಸಂಭವಿಸುವ ಸಾವುಗಳ ಸಂಖ್ಯೆಯನ್ನು ಹೀಗೆ ಬರೆಯಬಹುದು: ಒಟ್ಟು ಜನಸಂಖ್ಯೆ × ಅದರಲ್ಲಿ ಸೋಂಕು ತಗಲುವವರ ಪಾಲು × ಸೋಂಕಿತರಲ್ಲಿ ಸಾಯುವವರ ಪಾಲು. ನಾವು ಸಾಮಾನ್ಯವಾಗಿ ಮೂರನೆಯ ಅಂಶವನ್ನು ಮಾತ್ರ ನೋಡಿ, ಎರಡನೆಯದನ್ನು ಮರೆತುಬಿಡುತ್ತೇವೆ.

ಒಂದು ಲಕ್ಷ ಜನರಿರುವ ಪಟ್ಟಣವೊಂದನ್ನು ಕಲ್ಪಿಸಿಕೊಳ್ಳೋಣ. ಋತುಮಾನದ ಫ್ಲೂ ಅಲ್ಲಿ 10,000 ಜನರಿಗೆ ತಗಲಿ, ಪ್ರತಿ 10,000 ಸೋಂಕಿತರಲ್ಲಿ 5 ಮಂದಿ ಸಾಯುತ್ತಾರೆ ಎಂದಿಟ್ಟುಕೊಂಡರೆ ಒಟ್ಟು ಸಾವು 5. ಅಷ್ಟೇ ತೀವ್ರತೆಯ ಹೊಸ ವೈರಸ್ ಒಂದು 60,000 ಜನರಿಗೆ ಹರಡಿದರೆ ಸಾವು 30. ಅದರ ತೀವ್ರತೆ ಹತ್ತು ಪಟ್ಟು ಹೆಚ್ಚಾಗಿದ್ದರೆ ಸಾವು 300. ಫ್ಲೂಗೆ ಹೋಲಿಸಿದರೆ ಇದು ಅರವತ್ತು ಪಟ್ಟು. ಜೊತೆಗೆ ಇಷ್ಟೂ ರೋಗಿಗಳು ಕೆಲವೇ ವಾರಗಳಲ್ಲಿ ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ. ಹಾಸಿಗೆ, ಆಮ್ಲಜನಕ ಸಾಲದಾದಾಗ ಬದುಕಬಹುದಾಗಿದ್ದವರೂ ಸಾಯುತ್ತಾರೆ. ಆಗ ಮೂರನೆಯ ಅಂಶವೂ ಏರುತ್ತದೆ. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮ ದೇಶ ಇದನ್ನು ಕಣ್ಣಾರೆ ಕಂಡಿತು.

ಸರಪಳಿ ಕ್ರಿಯೆ

ಹೊಸ ವೈರಸ್ ಅಷ್ಟೊಂದು ಜನಕ್ಕೆ ಹರಡುವುದೇಕೆ? ಪರಮಾಣು ರಿಯಾಕ್ಟರಿನ ಪಾಠ ಕಲಿತವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ನ್ಯೂಟ್ರಾನ್ ಯುರೇನಿಯಂ ಬೀಜವನ್ನು ಸೀಳಿದಾಗ ಎರಡು-ಮೂರು ನ್ಯೂಟ್ರಾನ್‌ಗಳು ಹೊರಬರುತ್ತವೆ. ಅವುಗಳಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ಮತ್ತೆ ವಿದಳನ ನಡೆಸಿದರೆ ಕ್ರಿಯೆ ಏರುತ್ತಾ ಹೋಗುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಆರಿಹೋಗುತ್ತದೆ. ಸೋಂಕಿನಲ್ಲೂ ಹೀಗೆಯೇ. ಒಬ್ಬ ರೋಗಿ ಸರಾಸರಿ ಎಷ್ಟು ಮಂದಿಗೆ ರೋಗ ದಾಟಿಸುತ್ತಾನೆ ಎಂಬುದೇ ಇಲ್ಲಿನ ಗುಣಕ.

ಋತುಮಾನದ ಫ್ಲೂಗೆ ಈ ಗುಣಕ ಸುಮಾರು 1.3. ಕೋವಿಡ್ ಆರಂಭದಲ್ಲಿ ಅದು 2ರಿಂದ 3ರ ನಡುವೆ ಇತ್ತು. 2.5 ಎಂದು ತೆಗೆದುಕೊಳ್ಳೋಣ. ಒಬ್ಬ ರೋಗಿಯಿಂದ ಆರಂಭಿಸಿ ಹತ್ತು ಸುತ್ತು ಕಳೆದಾಗ ಫ್ಲೂನಲ್ಲಿ ಹೊಸ ರೋಗಿಗಳು 1.3ರ ಹತ್ತನೇ ಘಾತ, ಅಂದರೆ ಸುಮಾರು 14. ಕೋವಿಡ್‌ನಲ್ಲಿ 2.5ರ ಹತ್ತನೇ ಘಾತ, ಅಂದರೆ ಸುಮಾರು 9,500! ಒಂದು ಸುತ್ತಿಗೆ ಐದು ದಿನ ಎಂದರೂ ಇದು ಎರಡು ತಿಂಗಳೊಳಗಿನ ಕಥೆ.

ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳನ್ನು ಹೀರುವ ನಿಯಂತ್ರಕ ದಂಡಗಳಿರುತ್ತವೆ. ಸಮಾಜದಲ್ಲಿ ಆ ಕೆಲಸ ಮಾಡುವುದು ಜನರ ರೋಗನಿರೋಧಕ ಶಕ್ತಿ. ಫ್ಲೂ ವೈರಸ್ ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಹಳೆಯ ಸೋಂಕು ಹಾಗೂ ಲಸಿಕೆಗಳಿಂದ ಅನೇಕರಿಗೆ ಅದರ ಪರಿಚಯ ಇರುವುದರಿಂದಲೇ ಗುಣಕ 1.3ರಲ್ಲಿ ನಿಲ್ಲುತ್ತದೆ. ಹೊಸ ವೈರಸ್ ಬಂದಾಗ ದಂಡಗಳೇ ಇರುವುದಿಲ್ಲ. ಗುಣಕ 2.5 ಇದ್ದರೆ ಅದನ್ನು 1ಕ್ಕೆ ಇಳಿಸಲು 2.5ರಲ್ಲಿ 1.5 ಭಾಗ, ಅಂದರೆ ಶೇ. 60 ಜನರಿಗೆ ರಕ್ಷಣೆ ಬೇಕು. ಈ ಶಕ್ತಿ ಕಾಲಕ್ರಮೇಣ ಕುಗ್ಗುವುದರಿಂದಲೂ ವೈರಸ್ ರೂಪ ಬದಲಿಸುವುದರಿಂದಲೂ ವಾಸ್ತವದ ಲೆಕ್ಕ ಇಷ್ಟು ಸರಳವಲ್ಲ. ಆದರೆ ದಿಕ್ಕು ಇದೇ.

ಎಲ್ಲ ಪಿಡುಗುಗಳೂ ಒಂದೇ ಅಲ್ಲ

ಹೊಸದೆಲ್ಲವೂ ಮಹಾಮಾರಿ ಎಂದು ತಿಳಿಯಬೇಕಾಗಿಲ್ಲ. 1918ರ ಇನ್‌ಫ್ಲುಯೆಂಜಾ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಕೊಂದಿತೆಂಬ ಅಂದಾಜಿದೆ. ಭಾರತವೊಂದರಲ್ಲೇ ಒಂದು ಕೋಟಿಗೂ ಮಿಕ್ಕಿ ಜನ ಸತ್ತರು. 2009ರ ಎಚ್1ಎನ್1 ಕೂಡ ಜಾಗತಿಕ ಪಿಡುಗೇ. ಆದರೆ ಮೊದಲ ವರ್ಷದಲ್ಲಿ ಅದರಿಂದಾದ ಸಾವುಗಳು ಸುಮಾರು 1.5 ಲಕ್ಷದಿಂದ 5.75 ಲಕ್ಷ ಎಂದು ಅನಂತರ ಅಂದಾಜಿಸಲಾಯಿತು. ಇದು ಮಾಮೂಲಿ ಫ್ಲೂಗೆ ಸಮೀಪದ ಸಂಖ್ಯೆ.

ಹಾಗಾದರೆ ಎರಡೂ ಸಮವೇ? ಅಲ್ಲ. ಋತುಮಾನದ ಫ್ಲೂನಲ್ಲಿ ಸಾಯುವವರಲ್ಲಿ ವಯಸ್ಸಾದವರೇ ಹೆಚ್ಚು. 2009ರಲ್ಲಿ ಸತ್ತವರಲ್ಲಿ ಸುಮಾರು ಶೇ. 80 ಮಂದಿ 65 ವರ್ಷದೊಳಗಿನವರು. ಅದನ್ನು ಹೋಲುವ ಹಳೆಯ ವೈರಸ್‌ಗಳನ್ನು ಎಳವೆಯಲ್ಲೇ ಎದುರಿಸಿದ್ದ ಹಿರಿಯರಲ್ಲಿ ಅನೇಕರಿಗೆ ಒಂದಿಷ್ಟು ರಕ್ಷಣೆ ಇತ್ತು. ಸತ್ತವರ ಸಂಖ್ಯೆ ಸಮನಾಗಿ ಕಂಡರೂ ಕಳೆದುಹೋದ ಬಾಳಿನ ವರ್ಷಗಳು ಸಮವಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. 2009ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಸಾವುಗಳು ಸುಮಾರು 18,500 ಮಾತ್ರ. ಫ್ಲೂನ ಸಂಖ್ಯೆ ಅಂದಾಜಿನದು, ಪಿಡುಗಿನ ಆರಂಭದ ಸಂಖ್ಯೆ ಎಣಿಕೆಯದು. ಇವೆರಡನ್ನು ನೇರವಾಗಿ ಹೋಲಿಸುವುದು ಮೀಟರನ್ನೂ ಗಜವನ್ನೂ ಕೂಡಿಸಿದಂತೆ. ಸಾವಿನ ಶೇಕಡಾವಾರಿನಲ್ಲೂ ತೊಡಕಿದೆ. ಆರಂಭದಲ್ಲಿ ತೀವ್ರ ರೋಗಿಗಳಷ್ಟೇ ಪರೀಕ್ಷೆಗೆ ಒಳಗಾಗುವುದರಿಂದ ಛೇದ ಚಿಕ್ಕದಾಗಿ ಶೇಕಡಾವಾರು ಉಬ್ಬುತ್ತದೆ. ಇನ್ನೂ ಆಸ್ಪತ್ರೆಯಲ್ಲಿರುವವರ ಗತಿ ತಿಳಿಯದ ಕಾರಣ ಅಂಶವೂ ಅಪೂರ್ಣ.

2009ರ ವೈರಸ್ಸಿನ ಸಂತತಿ ಇಂದು ಋತುಮಾನದ ಫ್ಲೂ ಆಗಿಯೇ ನಮ್ಮ ನಡುವೆ ಇದೆ. ಕೋವಿಡ್‌ನ ತುರ್ತುಸ್ಥಿತಿ 2023ರ ಮೇ 5ರಂದು ಮುಗಿಯಿತು. ವೈರಸ್ ಮಾತ್ರ ಹೋಗಲಿಲ್ಲ. ಬದಲಾದದ್ದು ಮುಖ್ಯವಾಗಿ ನಮ್ಮ ದೇಹಕ್ಕೆ ಅದರ ಪರಿಚಯ. ಅಂದಮೇಲೆ ಅಪಾಯ ಕೇವಲ ವೈರಸ್ಸಿನ ಗುಣವಲ್ಲ, ವೈರಸ್ ಮತ್ತು ಜನಸಮುದಾಯದ ನಡುವಿನ ಸಂಬಂಧ.

ಅಂದು ಸಹೋದ್ಯೋಗಿಯ ಪ್ರಶ್ನೆಗೆ ನಾನೂ ತಲೆಯಾಡಿಸಿದ್ದೆ. ಪ್ರತಿವರ್ಷ ತರಗತಿಯಲ್ಲಿ ಸರಪಳಿ ಕ್ರಿಯೆಯನ್ನು ಬೋಧಿಸುವವನಿಗೇ ಅದು ಹೊಳೆಯಲಿಲ್ಲ. ಸತ್ತವರು ಎಷ್ಟು ಎಂಬುದರ ಜೊತೆಗೆ, ಕಳೆದ ವಾರಕ್ಕಿಂತ ಎಷ್ಟು ಪಟ್ಟು ಎಂದೂ ಕೇಳಬೇಕಾಗಿತ್ತು. ಬೆಳೆಯುತ್ತಿರುವ ಸಂಖ್ಯೆಯನ್ನು ವರ್ಷವಿಡೀ ಕೂಡಿಸಿದ ಸಂಖ್ಯೆಯೊಡನೆ ಹೋಲಿಸಬಾರದು. ಮುಂದಿನ ಹೊಸ ವೈರಸ್ ಎಂದು ಬರುವುದೋ ತಿಳಿಯದು. ಅಷ್ಟರೊಳಗೆ ವಿದ್ಯಾರ್ಥಿಗಳು ಕ್ಯಾಲ್ಕುಲೇಟರಿನಲ್ಲಿ 1.3 ಮತ್ತು 2.5ನ್ನು ಹತ್ತು ಹತ್ತು ಸಲ ಗುಣಿಸಿ ನೋಡಲಿ.