ಬಾಲವಿಲ್ಲದವರ ಬಾಲಸ್ನಾಯು

ಮಣಿಪಾಲದ ಅಂಗರಚನಾ ಸಂಗ್ರಹಾಲಯದ ಗಾಜಿನ ಜಾಡಿಗಳ ನಡುವೆ, ನಟ್ಟನಡುವೆ ಸೀಳಿ ಇರಿಸಿದ ಸ್ತ್ರೀಶ್ರೋಣಿಯೊಂದರ ಮುಂದೆ ನಿಂತಾಗ ನನ್ನ ದೃಷ್ಟಿ ಗರ್ಭಕೋಶದ ಮೇಲಾಗಲಿ ಎಲುಬಿನ ಬಾಗಿನ ಮೇಲಾಗಲಿ ನಿಲ್ಲದೆ, ಎಲ್ಲಕ್ಕೂ ಅಡಿಯಲ್ಲಿ, ಮುಂದಣ ಜಘನಾಸ್ಥಿಯಿಂದ ಹಿಂದಣ ಪುಚ್ಛಾಸ್ಥಿಯವರೆಗೆ ಹಬ್ಬಿದ್ದ ತೆಳುವಾದ ಸ್ನಾಯುಪಟ್ಟಿಯೊಂದರಲ್ಲಿ ನೆಟ್ಟುಹೋಯಿತು. ಮೂತ್ರನಾಳ, ಯೋನಿ, ಗುದಗಳಿಗೆ ದಾರಿ ಬಿಟ್ಟುಕೊಟ್ಟೂ ಮೇಲಿನ ಅಂಗಗಳ ಭಾರವನ್ನು ನಿದ್ರೆಯಲ್ಲಿಯೂ ಬಿಗಿ ಪೂರ್ತಿ ಸಡಿಲಿಸದೆ ಹೊರುವುದು ಇಷ್ಟು ಕೃಶವಾದ ವಸ್ತುವೆಂದರೆ ಮನಸ್ಸು ಒಡನೆಯೇ ಒಪ್ಪುವಂತಿರಲಿಲ್ಲ. ವೈದ್ಯರು ಇದನ್ನು ಲಿವೇಟರ್ ಏನೈ ಎನ್ನುವರು.

ಆದರೆ ಈ ಪಟ್ಟಿ ಹೋಗಿ ಹೋಗಿ ಪುಚ್ಛಾಸ್ಥಿಯನ್ನೇ ಏಕೆ ಸೇರಬೇಕು? ಬೆದರಿದ ಬೀದಿನಾಯಿ ಹಿಂಗಾಲುಗಳ ನಡುವೆ ಬಾಲವನ್ನು ಮುದುರಿಕೊಳ್ಳುವುದು ಈ ಸ್ನಾಯುವಿನ ದಾಯಾದಿಗಳ ಬಲದಿಂದಲೇ. ನಾಲ್ಕು ಕಾಲಿನ ಮೇಲೆ ನಡೆಯುವ ಪ್ರಾಣಿಗಳಲ್ಲಿ ಕರುಳಿನ ಭಾರ ಬಹುಮಟ್ಟಿಗೆ ಉದರಭಿತ್ತಿಯ ಪಾಲಿನದಾದುದರಿಂದ ಶ್ರೋಣಿಯ ಸ್ನಾಯುಗಳಿಗೆ ಬಾಲವಾಡಿಸುವ ಬಿಡುವುಂಟು. ಮನುಷ್ಯನು ಎದ್ದು ನಿಂತನು, ಬಾಲ ಲುಪ್ತವಾಯಿತು, ಕೆಲಸ ಕಳೆದುಕೊಂಡ ಸ್ನಾಯು ಭಾರ ಹೊರತೊಡಗಿತು ಎಂಬ ಕಥೆಯನ್ನು ಬಹು ಅಂದವಾಗಿ ಹೇಳುವವರುಂಟು. ಅಷ್ಟು ಅಂದವಾಗಿರುವುದರಿಂದಲೇ ನನಗೆ ಅದರಲ್ಲಿ ಅನುಮಾನ. ಬಾಲವನ್ನು ಕಳೆದುಕೊಂಡವರು ಮನುಷ್ಯರಲ್ಲ, ಸುಮಾರು 2.5 ಕೋಟಿ ವರ್ಷಗಳ ಹಿಂದಿನ ಕಪಿಪೂರ್ವಜರು. ಎರಡು ಕಾಲಿನ ನಡಿಗೆಯ ಕುರುಹುಗಳಾದರೋ 70 ಲಕ್ಷ ವರ್ಷಗಳಿಂದೀಚಿನವು. ಗಿಬ್ಬನ್ ಇಂದಿಗೂ ಬಾಲವಿಲ್ಲದೆ, ಮುಂಡವನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೊಂಬೆಯಿಂದ ಕೊಂಬೆಗೆ ತೂಗಾಡುತ್ತದೆ. ಟಿಬಿಎಕ್ಸ್‌ಟಿ ಎಂಬ ಜೀನಿನೊಳಗೆ ನುಸುಳಿದ ಡಿಎನ್ಎ ತುಣುಕೊಂದು ಬಾಲಲೋಪಕ್ಕೆ ಕಾರಣವಾಗಿರಬಹುದೆಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ. ಅಂದಮೇಲೆ ನಾವು ಎದ್ದು ನಿಲ್ಲುವ ಎಷ್ಟೋ ಮುನ್ನವೇ ಈ ಸ್ನಾಯು ತನ್ನ ಹಳೆಯ ವೃತ್ತಿಯನ್ನು ತೊರೆದಿತ್ತೆನ್ನಬೇಕು.

ಹೆರಿಗೆಯಲ್ಲಿ ಇದರ ಪಾತ್ರ ಬರಿದೆ ದಾರಿ ಬಿಡುವುದಷ್ಟೇ ಅಲ್ಲ. ಶ್ರೋಣಿಯ ಮೇಲ್ದ್ವಾರ ಅಡ್ಡಲಾಗಿ ಸುಮಾರು 13 ಸೆಂ.ಮೀ., ಹಿಂದುಮುಂದಾಗಿ 11 ಸೆಂ.ಮೀ.; ಕೆಳದ್ವಾರದಲ್ಲಿ ಹೆಚ್ಚಿನ ಅಗಲವಿರುವುದು ಹಿಂದುಮುಂದಾಗಿ. ಆದುದರಿಂದ ಸಾಮಾನ್ಯವಾಗಿ ಶಿಶು ತಾಯಿಯ ಪಕ್ಕಕ್ಕೆ ಮುಖಮಾಡಿ ಒಳಹೊಕ್ಕು, ಆಕೆಯ ಬೆನ್ನಿನತ್ತ ಮುಖಮಾಡಿ ಹೊರಬರುತ್ತದೆ. ತಲೆ ಪಕ್ಕಕ್ಕೆ ಹೊರಳಿ ಇಳಿಯುವ ಸಂಗತಿಯನ್ನು ಡಬ್ಲಿನ್ನಿನ ಪ್ರಸೂತಿವೈದ್ಯ ಫೀಲ್ಡಿಂಗ್ ಔಲ್ಡ್ 1742ರಲ್ಲಿಯೇ ಬರೆದಿಟ್ಟನು. ನಡುವೆ ಆ ತಲೆಯನ್ನು ತಿರುಗಿಸುವುದರಲ್ಲಿ ನಮ್ಮ ಬಾಲಸ್ನಾಯುವಿನ ಪಾಲು ದೊಡ್ಡದು: ಎರಡು ಬದಿಗಳಿಂದ ಅಡಕೆಮರದ ದಂಬೆಯಂತೆ ಇಳಿಜಾರಾಗಿ ಕೂಡುವ ಅದರ ಮೇಲೆ, ಗಲ್ಲವನ್ನು ಎದೆಗೊತ್ತಿಕೊಂಡ ಶಿಶುವಿನ ಹಿಂದಲೆ ಮೊದಲು ತಾಗಿ, ಗರ್ಭಕೋಶದ ನೂಕಿಗೆ ಮುಂದಕ್ಕೆ ಹೊರಳಿ ಜಘನಾಸ್ಥಿಯ ಕಮಾನಿನ ಕೆಳಗೆ ಬಂದು ನಿಲ್ಲುತ್ತದೆ.

ಈ ಸೇವೆಗೆ ಸ್ನಾಯು ತೆರುವ ಬೆಲೆ ಅಲ್ಪವಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಗಣಕಯಂತ್ರ ಮಾದರಿಯಲ್ಲಿ ಇದರ ಅತ್ಯಂತ ಒಳಬದಿಯ ಎಳೆಗಳು ತಮ್ಮ ಮೂಲ ಉದ್ದದ ಮೂರು ಪಟ್ಟಿಗೂ ಮಿಗಿಲಾಗಿ ಹಿಗ್ಗಿದುವು. ಹಲವು ತಾಯಂದಿರಲ್ಲಿ, ಅದರಲ್ಲಿಯೂ ಇಕ್ಕುಳವಿಟ್ಟು ಮಗುವನ್ನು ಎಳೆದ ಹೆರಿಗೆಗಳಲ್ಲಿ, ಸ್ನಾಯು ಜಘನಾಸ್ಥಿಯಿಂದಲೇ ಕಿತ್ತುಬರುವುದುಂಟು. ಹೊರಗಿನ ಚರ್ಮಕ್ಕೆ ಗಾಯವಿಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳದು. ಎಂಆರ್‌ಐ, ಅಲ್ಟ್ರಾಸೌಂಡ್‌ಗಳು ಇದನ್ನು ತೋರಿಸಿಕೊಟ್ಟುದು ಈಚೆಗೆ.

ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯನು 1948ರಲ್ಲಿ ಬಾಣಂತಿಯರಿಗಾಗಿ ಈ ಸ್ನಾಯುವನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನೂ, ಅದರ ಬಲವನ್ನು ಅಳೆಯುವ ಉಪಕರಣವನ್ನೂ ಮುಂದಿಟ್ಟನು. ಇದು ನಮ್ಮ ಹಠಯೋಗದ ಮೂಲಬಂಧವೇ ಅಲ್ಲವೇ ಎಂದು ಹಿಗ್ಗುವ ಮಿತ್ರರು ನನಗಿದ್ದಾರೆ. ಬಿಗಿಯುವ ಕ್ರಿಯೆ ಹೆಚ್ಚುಕಡಿಮೆ ಒಂದೇ ಇರಬಹುದು; ಆದರೆ ಹಠಯೋಗಿಗೆ ಬೇಕಾದುದು ಅಪಾನವಾಯುವಿನ ಊರ್ಧ್ವಗತಿ, ಬಾಣಂತಿಗೆ ಬೇಕಾದುದು ಕೆಮ್ಮಿದಾಗ ಮೂತ್ರ ಜಿನುಗದಿರುವುದು. ಗರ್ಭಿಣಿಯಾಗಿರುವಾಗಲೇ ತೊಡಗಿದರೆ ಈ ವ್ಯಾಯಾಮದಿಂದ ಪ್ರಯೋಜನವುಂಟು. ಆದರೆ ಎಲುಬಿನಿಂದ ಕಿತ್ತುಹೋದ ತುದಿಯನ್ನು ಅದು ಮರಳಿ ಅಂಟಿಸಲಾರದು, ಉಳಿದ ಎಳೆಗಳಿಗೆ ಬಲ ತುಂಬೀತು.