ಹಳ್ಳದ ಆರೋಗ್ಯ ಹೇಳುವ ಹುಳುಗಳು

ಜತ್ತ ತಾಲೂಕಿನ ಯಳವಿ ಕಡೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಂಗಲಿ ಜಿಲ್ಲೆಯ ಈ ಬರದ ಸೀಮೆಯಲ್ಲಿ ಹಳ್ಳಗಳು ಮಳೆಗಾಲದಲ್ಲಿ ಮೈದುಂಬಿ ಹರಿದು, ಬೇಸಿಗೆಯ ಹೊತ್ತಿಗೆ ಬರೀ ಉಸುಕು ತೋರಿಸುತ್ತವೆ. ನೀರು ಸಿಗಲಿಲ್ಲವೆಂದು ಇಲ್ಲಿಯ ಕೆಲವು ಗಡಿ ಹಳ್ಳಿಗಳು ಕರ್ನಾಟಕ ಸೇರುವ ಮಾತಾಡಿದ್ದು 2022ರಲ್ಲಿ ಎರಡೂ ರಾಜ್ಯಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ನಾವೆಲ್ಲ ಕೇಳುವುದು ನೀರು ಎಷ್ಟು ಬಂತು ಎಂದು. ಎಂಥ ನೀರು ಬಂತು ಎಂದು ಕೇಳುವವರು ಕಡಿಮೆ.

ಮ್ಹೈಸಾಳ ಏತ ನೀರಾವರಿಯಿಂದ ಜತ್ತದ ಕಡೆಗೆ ಬರುವುದು ಕೃಷ್ಣೆಯ ನೀರು. 2023ರ ಮಾರ್ಚ್‌ನಲ್ಲಿ ಸಾಂಗಲಿಯ ಬಳಿ ಇದೇ ಕೃಷ್ಣೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಮೀನು ಸತ್ತರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಮೊದಲೇ ನದಿಯ ಕಾಯಿಲೆಯನ್ನು ತಿಳಿಯುವ ದಾರಿ ಇದೆಯೇ?

ಇದೆ. ನೀರಿನೊಳಗಿನ ಒಂದು ಕಲ್ಲನ್ನು ಮಗುಚಿ ಅದರ ಅಡಿಯನ್ನು ನೋಡಬೇಕು, ಅಷ್ಟೆ!

ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದ ನೀರು ಆ ಗಳಿಗೆಯ ಸುದ್ದಿಯನ್ನು ಮಾತ್ರ ಹೇಳುತ್ತದೆ. ರಾತ್ರಿ ಯಾರೋ ಹೊಲಸು ಬಿಟ್ಟು, ಬೆಳಗಾಗುವಷ್ಟರಲ್ಲಿ ಅದು ಹರಿದುಹೋಗಿದ್ದರೆ ಬಾಟಲಿಗೆ ಅದರ ಸುಳಿವೇ ಸಿಗದು. ಕಲ್ಲಿನಡಿಯ ಹುಳುಗಳು ಹಾಗಲ್ಲ. ಅವು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಬಾಳಿದವು. ಊರು ಬಿಟ್ಟು ಓಡಿಹೋಗುವ ಶಕ್ತಿ ಅವಕ್ಕಿಲ್ಲ. ಆದ್ದರಿಂದಲೇ ಅವುಗಳ ಸಾಕ್ಷಿಗೆ ಬೆಲೆ.

ಈ ಹುಳುಗಳಲ್ಲಿ ಮೇಫ್ಲೈ ಮರಿಗಳೆಂದರೆ ಬಹಳ ನಾಜೂಕಿನವು. ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆ, ಹೊಟ್ಟೆಯ ಇಕ್ಕೆಲಗಳಲ್ಲಿ ಗರಿಯಂಥ ಕಿವಿರು. ರೆಕ್ಕೆ ಬಂದ ಮೇಲೆ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನದ ಬದುಕು. ಆಮ್ಲಜನಕ ಕಡಿಮೆಯಾದರೆ ಇವುಗಳಲ್ಲಿ ಹೆಚ್ಚಿನವು ಮೊದಲು ಮಾಯವಾಗುತ್ತವೆ. ಉಸುಕು ಮತ್ತು ಕಡ್ಡಿಗಳನ್ನು ಅಂಟಿಸಿ ತನಗೊಂದು ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳುವಿನ ಹಲವು ಜಾತಿಗಳೂ ಹಾಗೆಯೇ. ಏರೋಪ್ಲೇನ್ ಚಿಟ್ಟೆಯ ಮರಿಗಳು ನಡುವಿನವು. ಇನ್ನು ಜಿಗಣೆ, ದಾರದಂಥ ಹುಳು, ರಕ್ತದಂತೆ ಕೆಂಪಗಿರುವ ಕೆಸರಿನ ಹುಳು, ಇವು ಚರಂಡಿಯಂಥ ನೀರಲ್ಲೂ ಸುಖವಾಗಿರುತ್ತವೆ. ಆ ಕೆಂಪು ನಿಜಕ್ಕೂ ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನದೇ. ಉಸಿರಾಟಕ್ಕೆ ಕಷ್ಟವಿರುವ ಕೆಸರಿನಲ್ಲಿ ಸಿಕ್ಕ ಚೂರುಪಾರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲು ಅದು ಬೇಕು.

ಬ್ರಿಟನ್ನಿನಲ್ಲಿ 1976ರಲ್ಲಿ ನೇಮಿಸಿದ ಒಂದು ತಂಡವು ಇಂಥ ಹುಳುಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಟ್ಟಿತು. ನಾಜೂಕಿನ ಮೇಫ್ಲೈಗೆ 10, ಕೆಂಪು ಹುಳುವಿನ ಕುಟುಂಬಕ್ಕೆ 2, ದಾರದ ಹುಳುವಿಗೆ 1. ಸಿಕ್ಕ ಕುಟುಂಬಗಳ ಅಂಕಗಳನ್ನು ಕೂಡಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬಂತು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಯಮುನೆಯಲ್ಲಿ ಪ್ರಯೋಗ ನಡೆಸಿ, ಈ ಕ್ರಮವನ್ನು ಭಾರತದ ನದಿಗಳಿಗೆ ಹೊಂದಿಸಿಕೊಂಡು ಐದು ದರ್ಜೆಗಳನ್ನು ಮಾಡಿತು. ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಕೆ.ಎ. ಸುಬ್ರಮಣಿಯನ್ ಮತ್ತು ಕೆ.ಜಿ. ಶಿವರಾಮಕೃಷ್ಣನ್ ಬರೆದ ಕೈಪಿಡಿಯನ್ನೇ ಹೊರತಂದಿತು.

ಆದರೆ ಈ ಅಂಕಪಟ್ಟಿಯನ್ನು ತಂದು ಜತ್ತದ ಹಳ್ಳಕ್ಕೆ ನೇರವಾಗಿ ಹಿಡಿಯುವುದು ನಮಗೆ ಸರಿಕಾಣುವುದಿಲ್ಲ. ಅದು ವರ್ಷವಿಡೀ ಹರಿಯುವ ತಂಪು ನೀರಿಗೆ ಹುಟ್ಟಿದ ಲೆಕ್ಕ. ಜತ್ತ ತಾಲೂಕಿನಲ್ಲೇ ಹುಟ್ಟಿ ವಿಜಯಪುರ ಜಿಲ್ಲೆಯತ್ತ ಹರಿದು ಕೃಷ್ಣೆ ಸೇರುವ ಡೋಣಿಯನ್ನೇ ನೋಡಿ. ಅದರ ದಂಡೆಯ ಕಪ್ಪು ನೆಲ ಓಣಿಗೆಲ್ಲ ಕಾಳು ಕೊಡುತ್ತದೆ ಎನ್ನುವ ಗಾದೆ ಇದೆ. ನೀರು ಮಾತ್ರ ಉಪ್ಪು! ಅಲ್ಲಿ ನಾಜೂಕಿನ ಹುಳು ಕಾಣಲಿಲ್ಲವೆಂದ ಮಾತ್ರಕ್ಕೆ ಯಾರೋ ಹೊಲಸು ಬಿಟ್ಟರೆಂದು ಹೇಳಲಾಗದು. ಉಪ್ಪು, ಕೆಸರು, ಒಣಗುವಿಕೆ ಯಾವುದೂ ಕಾರಣವಾಗಿರಬಹುದು. ಹಳ್ಳವನ್ನು ಹಳ್ಳದೊಂದಿಗೇ ಹೋಲಿಸಬೇಕು: ಊರಿನ ಚರಂಡಿ ಸೇರುವ ಜಾಗದ ಮೇಲೆ ಒಮ್ಮೆ, ಕೆಳಗೆ ಒಮ್ಮೆ. ಮೇಲೆ ಇರುವ ಹುಳು ಕೆಳಗೆ ಇಲ್ಲವಾದರೆ ಆಗ ಮಾತಾಡಬಹುದು.

ಮಳೆ ನಿಂತು ನೀರು ತಿಳಿಯಾಗಿ ಹರಿಯುವ ದಿನಗಳು ಇದಕ್ಕೆ ಒಳ್ಳೆಯವು. ಹಿರಿಯರೊಬ್ಬರು ಜೊತೆಗಿರಲಿ, ಮೊಣಕಾಲಿಗಿಂತ ಆಳಕ್ಕೆ ಮಕ್ಕಳು ಇಳಿಯುವುದು ಬೇಡ. ಹರಿವಿಗೆ ಎದುರಾಗಿ ಹಳೆಯ ಜರಡಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕೆದಕಿದರೆ ಹುಳುಗಳು ಜರಡಿಗೆ ಬರುತ್ತವೆ. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಟ್ಟು ನೋಡಿ, ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದರೂ ನಡೆದೀತು. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗ.

ಒಂದು ಮಾತು ತಾಯಂದಿರಿಗೆ. ಮೇಫ್ಲೈ ಸಿಕ್ಕಿತೆಂದು ಆ ನೀರನ್ನು ಹಾಗೆಯೇ ಕುಡಿಯಬೇಡಿ. ಕಾಯಿಲೆ ತರುವ ರೋಗಾಣುಗಳನ್ನೂ ಫ್ಲೋರೈಡನ್ನೂ ಹುಳುಗಳು ತೋರಿಸಲಾರವು. ಅದಕ್ಕೆ ಪ್ರಯೋಗಾಲಯವೇ ಬೇಕು. ನೋಡಿ ಮುಗಿದ ಮೇಲೆ ಹುಳುಗಳನ್ನು ನೀರಿಗೇ ಬಿಡಿ, ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಇಡಿ.