ತೆವಳಲಾರದ ಹುಳು ತಿಳಿಸಿದ ಗುಟ್ಟು

ಒಲೆಯ ಮೇಲಿನ ಪಾತ್ರೆಗೆ ಬೆರಳು ತಗುಲಿದೊಡನೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಅಷ್ಟರೊಳಗೆ ದೇಹದಲ್ಲಿ ಎಷ್ಟು ಕೆಲಸ ನಡೆದುಹೋಗಿರುತ್ತದೆ! ನರದ ತುದಿ ಸ್ನಾಯುವನ್ನು ಮುಟ್ಟಿಕೊಂಡಿರುವುದಿಲ್ಲ. ನಡುವೆ ಅತಿ ಸೂಕ್ಷ್ಮವಾದೊಂದು ಕಂದರವಿದೆ. ಅದನ್ನು ದಾಟುವುದು ವಿದ್ಯುತ್ತಲ್ಲ, ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ದ್ರವ್ಯ. ಅದನ್ನು ತುಂಬಿಕೊಂಡ ಪುಟ್ಟ ಸಂಚಿಗಳು ನರದ ತುದಿಯಲ್ಲಿ ಸಿದ್ಧವಾಗಿ ಕಾದಿರುತ್ತವೆ. ಸಂದೇಶ ಬಂದ ಕೂಡಲೆ ಅವು ಕೋಶದ ಪೊರೆಯೊಡನೆ ಬೆರೆತು ಬಾಯ್ದೆರೆಯುತ್ತವೆ.

ಸಂಚಿಯ ಬಾಯಿ ತೆರೆಸುವವರಾರು? ಈ ಪ್ರಶ್ನೆಗೆ ಬಹುಪಾಲು ಉತ್ತರ ಕೊಟ್ಟುದು ನೆಟ್ಟಗೆ ತೆವಳಲೂ ಆಗದ ಒಂದು ಹುಳು.

ಸೀನೋರ್‍ಹ್ಯಾಬ್ಡೈಟಿಸ್ ಎಲಿಗನ್ಸ್ ಎಂದು ಅದರ ಹೆಸರು. ಹೆಸರಷ್ಟೇ ದೊಡ್ಡದು, ಒಡಲು ಒಂದು ಮಿಲಿಮೀಟರು! ಮಕ್ಕಳ ಹೊಟ್ಟೆಯ ಜಂತುಹುಳುವಿಗೆ ಇದು ದೂರದ ನೆಂಟನಾದರೂ, ಯಾರಿಗೂ ಉಪದ್ರವ ಕೊಡದೆ ಕೊಳೆತ ಎಲೆ ಕಾಯಿಗಳ ನಡುವೆ ಬ್ಯಾಕ್ಟೀರಿಯಗಳನ್ನು ತಿಂದು ಬದುಕುತ್ತದೆ. ಇದರ ನರಕೋಶಗಳು ಕೇವಲ 302. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಸಿಡ್ನಿ ಬ್ರೆನರ್ 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಇದನ್ನು ಅಭ್ಯಾಸಕ್ಕೆ ಆರಿಸಿಕೊಂಡರು.

ಗಡಿಯಾರದ ಗುಟ್ಟು ತಿಳಿಯಲು ಅದರ ಒಂದೊಂದೇ ಹಲ್ಲನ್ನು ಮುರಿದು ನೋಡುವ ಹುಡುಗನ ಜಾಣತನ ಬ್ರೆನರರದು. ಹುಳುಗಳ ವಂಶವಾಹಿಗಳನ್ನು ರಾಸಾಯನಿಕದಿಂದ ಕೆಡಿಸಿ, ಅವುಗಳ ಸಂತಾನದಲ್ಲಿ ನಡೆ ಕೆಟ್ಟವನ್ನು ಬೇರ್ಪಡಿಸಿದರು. ಹೊಂದಿಕೆ ತಪ್ಪಿದ್ದು ಎಂಬರ್ಥದ ಇಂಗ್ಲಿಷ್ ಪದವನ್ನು ಮೊಟಕುಮಾಡಿ ಅಂಥ ವಂಶವಾಹಿಗಳನ್ನು 'ಅನ್ಕ್' ಎಂದು ಕರೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟರು. 1974ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಅನ್ಕ್-13, ಅನ್ಕ್-18 ಎಂಬೆರಡು ಇದ್ದವು.

ಈ ಹುಳುಗಳ ದೋಷವನ್ನು ಪತ್ತೆಹಚ್ಚಲು ನೆರವಾದುದು ವಿಷ! ಆಲ್ಡಿಕಾರ್ಬ್ ಎಂಬ ಕೀಟನಾಶಕವು ಅಸಿಟೈಲ್‌ಕೋಲೀನ್ ಕರಗಿಹೋಗದಂತೆ ತಡೆಯುತ್ತದೆ. ಆ ದ್ರವ್ಯ ಮಿತಿಮೀರಿ ಸೇರಿ, ಆರೋಗ್ಯವಂತ ಹುಳು ಮುದುಡಿ ನಿಶ್ಚೇಷ್ಟವಾಗುತ್ತದೆ. ರೋಗಿಷ್ಠ ಹುಳುವೋ ಅದನ್ನು ತಾಳಿಕೊಳ್ಳುತ್ತದೆ. ಸ್ರವಿಸುವುದೇ ಅಲ್ಪವಾದರೆ ಶೇಖರವಾಗುವುದೆಲ್ಲಿಂದ? ಅನ್ಕ್-13 ಕೆಟ್ಟ ಹುಳುವಿನ ನರಗಳಲ್ಲಿ ಸಂಚಿಗಳಿಗೆ ಕೊರತೆಯಿಲ್ಲ, ಅವು ಬಾಯ್ದೆರೆಯುವುದಿಲ್ಲವಷ್ಟೆ ಎಂಬುದು 1999ರಲ್ಲಿ ಖಚಿತವಾಯಿತು. ಸಂಚಿಯನ್ನು ಅಣಿಗೊಳಿಸುವ ಪ್ರೋಟೀನೇ ಅಲ್ಲಿ ಇಲ್ಲ.

ಹುಳುವಿನ ಮಾತು ಹುಳುವಿಗಾಯಿತು ಎನ್ನುವಂತಿಲ್ಲ. ಅನ್ಕ್-18ರ ಜೋಡಿ ಪ್ರೋಟೀನು 1993ರಲ್ಲಿ ಇಲಿಯ ಮಿದುಳಿನಲ್ಲಿ ದೊರೆಯಿತು, ಮನುಷ್ಯನಲ್ಲಿಯೂ ಅದಿದೆ. 2008ರಲ್ಲಿ ಜಪಾನಿನ ವೈದ್ಯರು, ಹುಟ್ಟಿದ ಕೆಲವೇ ವಾರಗಳಲ್ಲಿ ತೀವ್ರ ಸೆಳವಿಗೆ ತುತ್ತಾದ ಕೆಲವು ಕೂಸುಗಳಲ್ಲಿ ಇದೇ ವಂಶವಾಹಿ ಕೆಟ್ಟಿರುವುದನ್ನು ಕಂಡರು. ತಾಯಿತಂದೆಗಳಿಂದ ಬರುವ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು. ಬಹುಮಟ್ಟಿಗೆ ಇದು ಹೊಸದಾಗಿ ತಲೆದೋರುವ ದೋಷ. ಹೆತ್ತವರ ವಂಶವಾಹಿಗಳಲ್ಲಿ ಅದರ ಸುಳಿವಿರುವುದಿಲ್ಲ. ಯಾವ ಪಥ್ಯ ತಪ್ಪಿತೋ, ಯಾವ ಪಾಪವೋ ಎಂದು ಪರಿತಪಿಸುವ ತಾಯಿಗೆ ಈ ಒಂದು ಮಾತೇ ಎಷ್ಟು ಸಮಾಧಾನ!

2018ರಲ್ಲಿ ಸಂಶೋಧಕರು ಈ ಮಕ್ಕಳಲ್ಲಿ ಕಂಡ ದೋಷಗಳನ್ನೇ ಹುಳುಗಳಲ್ಲಿ ಮೂಡಿಸಿ, ಫೆನೈಲ್‌ಬ್ಯುಟಿರೇಟ್ ಎಂಬ ಔಷಧವನ್ನು ಕೊಟ್ಟು ನೋಡಿದರು. ಬೇರೊಂದು ಕಾಯಿಲೆಗೆ ಮೊದಲೇ ಬಳಕೆಯಲ್ಲಿದ್ದ ಮದ್ದು ಅದು. ಹುಳುಗಳ ತೊಂದರೆ ತಗ್ಗಿತು. ಬಳಿಕ ಅಮೆರಿಕದಲ್ಲಿ ಆ ಮದ್ದಿನ ಪರೀಕ್ಷೆ ಮಕ್ಕಳ ಹಾಸಿಗೆಯ ಬಳಿಗೂ ಬಂತು.